ದುಡಿಯುವ ಕೈಯೂ ಮೊಣಕೈಯ ನೋವೂ



ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಶಿವಾರಪಟ್ಟಣವೆಂಬ ಊರೊಂದುಂಟು. ನಿಮ್ಮಲ್ಲಿ ಕೆಲವರು ಅದನ್ನು ಕಣ್ಣಾರೆ ಕಂಡಿರಬಹುದು. ಕಾಣದವರಲ್ಲಿಯೂ ಅನೇಕರು ಆ ಊರಿನ ಕೈಕೆಲಸವನ್ನು ತಿಳಿಯದೆಯೇ ನೋಡಿರುತ್ತಾರೆ. ನಮ್ಮ ನಾಡಿನ ಹಲವು ದೇವಾಲಯಗಳಲ್ಲಿ ಪ್ರತಿಷ್ಠೆಗೊಂಡಿರುವ ಕಲ್ಲಿನ ವಿಗ್ರಹಗಳು ಅಲ್ಲಿಯ ಶಿಲ್ಪಿಗಳ ಉಳಿಯಿಂದ ಮೂಡಿದಂಥವು. ತಲೆಮಾರುಗಳಿಂದ ಅಲ್ಲಿನ ಮನೆತನಗಳು ಕಲ್ಲನ್ನೇ ನಂಬಿ ಬಾಳುತ್ತ ಬಂದಿವೆ. ಉಳಿಯ ಪೆಟ್ಟು ತಿನ್ನದೆ ಕಲ್ಲು ದೇವರಾಗದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಪೆಟ್ಟು ತಿನ್ನುವುದು ಕಲ್ಲೊಂದೇ ಅಲ್ಲ. ಪ್ರತಿಯೊಂದು ಪೆಟ್ಟಿನ ಒಂದಂಶ ಹಿಂದಿರುಗಿ, ಸುತ್ತಿಗೆಯ ಹಿಡಿಯ ಮೂಲಕ ಅಂಗೈಗೆ, ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ ಬಂದು ಸೇರುತ್ತದೆ. ಆ ಮೊಣಕೈಯ ನೋವನ್ನು ಕುರಿತು, ದುಡಿಮೆಯನ್ನಾಗಲಿ ಅಂಗಸಾಧನೆಯನ್ನಾಗಲಿ ಬಿಡದೆ ಅದನ್ನು ಪರಿಹರಿಸಿಕೊಳ್ಳುವ ಕ್ರಮವನ್ನು ಕುರಿತು, ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ವಿಷಯ ಸ್ಪಷ್ಟವಾಗುವುದಕ್ಕಾಗಿ ಶಿವಾರಪಟ್ಟಣದಲ್ಲಿ ನಲವತ್ತೈದು ವರ್ಷ ವಯಸ್ಸಿನ ಒಬ್ಬ ಶಿಲ್ಪಾಚಾರ್ಯರಿದ್ದಾರೆಂದು ಭಾವಿಸಿಕೊಳ್ಳೋಣ. ಅವರ ಬಲಗೈಯ ಮೊಣಕೈಗೆ ಹೊರಮಗ್ಗುಲಿನಲ್ಲಿ ನೋವು ಕಾಣಿಸಿಕೊಂಡಿದೆ. ಮೊದಲು ಸಂಜೆ ಮಾತ್ರ ಇದ್ದದ್ದು ಈಗ ಬೆಳಗ್ಗೆಯೂ ಇದೆ. ನೀರು ತುಂಬಿದ ಚೊಂಬನ್ನು ಎತ್ತುವಾಗ, ಒದ್ದೆಯ ಪಂಚೆಯನ್ನು ಹಿಂಡುವಾಗ, ಬಾಗಿಲ ಅಗುಳಿಯನ್ನು ತಿರುಗಿಸುವಾಗ ಚಳಕು ಹೊಡೆದಂತಾಗುತ್ತದೆ. ಅವರು ವೈದ್ಯರಲ್ಲಿಗೆ ಹೋಗುತ್ತಾರೆ. "ಆಚಾರ್ಯರೆ, ಮೂರು ತಿಂಗಳು ಸುತ್ತಿಗೆಯನ್ನು ಮುಟ್ಟಬೇಡಿ" ಎಂದು ವೈದ್ಯರು ಹೇಳುತ್ತಾರೆ. "ಸ್ವಾಮಿ, ಇನ್ನು ಆರು ವಾರಕ್ಕೆ ಪ್ರತಿಷ್ಠೆಯ ಮುಹೂರ್ತ ಇಟ್ಟಿದ್ದಾರೆ. ಮುಂಗಡದ ಹಣ ಖರ್ಚಾಗಿಹೋಗಿದೆ. ಸುತ್ತಿಗೆ ಕೆಳಗಿಟ್ಟರೆ ಮನೆಯ ಒಲೆ ಹತ್ತುವುದು ಹೇಗೆ?" ಎಂದು ಇವರು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ನ್ಯಾಯವುಂಟು.

ಇವರಿಗೆ ಜೊತೆಯಾಗಿ ಬೆಂಗಳೂರಿನ ಒಬ್ಬ ಯುವಕನನ್ನೂ ನೆನೆಯೋಣ. ಆತನಿಗೆ ಹಗಲೆಲ್ಲ ಮೇಜಿನ ಕೆಲಸ; ಸಂಜೆ ವ್ಯಾಯಾಮಶಾಲೆಯಲ್ಲಿ ಡಂಬೆಲ್ಲು, ಬಾರ್ಬೆಲ್ಲುಗಳ ಸಾಧನೆ. ಆತನ ಮೊಣಕೈಯೂ ಅದೇ ಎಡೆಯಲ್ಲಿ ನೋಯುತ್ತಿದೆ. ಮನೆಯ ಹಿರಿಯರು "ಈ ಭಾರ ಎತ್ತುವ ಹುಚ್ಚನ್ನೇ ಬಿಟ್ಟುಬಿಡಪ್ಪ" ಎನ್ನುತ್ತಾರೆ, ಜೊತೆಯ ಸಾಧಕರು "ನೋವಿಗೆ ಹೆದರಿದರೆ ಮೈ ಬಂದೀತೆ? ಇನ್ನಷ್ಟು ಎತ್ತು" ಎನ್ನುತ್ತಾರೆ. ಸಂಪೂರ್ಣ ವಿಶ್ರಾಂತಿ ಒಂದು ಕಡೆ, ಸಂಪೂರ್ಣ ಉದಾಸೀನ ಮತ್ತೊಂದು ಕಡೆ. ಈ ಎರಡೂ ಸಲಹೆಗಳು ಸಾಮಾನ್ಯವಾಗಿ ತಪ್ಪೆಂಬುದೂ, ನಡುವೆ ಅಳತೆಯ ದಾರಿಯೊಂದು ಇದೆಯೆಂಬುದೂ ನಾನು ಹೇಳಬೇಕಾದ ಮುಖ್ಯಾಂಶ.

ಕಲ್ಲಿನ ಕೆಲಸಕ್ಕೂ ಅಂಗಸಾಧನೆಗೂ ಎಲ್ಲಿಯ ನಂಟೆಂದು ಯಾರಾದರೂ ಕೇಳಿದರೆ, ಕೋಲಾರದ ಸೀಮೆಯಲ್ಲಿ ಆ ನಂಟು ಹೊಸದಲ್ಲವೆಂದು ಉತ್ತರ ಹೇಳಬಹುದು. ಕೋಲಾರದ ಹೆಸರನ್ನೇ ತಮ್ಮ ಹೆಸರಿನ ಮೊದಲಿಗೆ ಧರಿಸಿದ್ದ ಕೋಲಾರ ವೆಂಕಟೇಶ ಅಯ್ಯರ್, ಎಂದರೆ ಕೆ. ವಿ. ಅಯ್ಯರ್ ಅವರು, ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ಪಾಠ ಕಳುಹಿಸಿ, ಸಾವಿರಾರು ತರುಣರಿಗೆ ದೇಹಸಾಧನೆಯ ದಾರಿ ತೋರಿಸಿದರು. ಪಶ್ಚಿಮದ ಬಾರ್ಬೆಲ್ಲನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಒಂದೇ ಸಾಧನೆಯಲ್ಲಿ ಹೊಂದಿಸಿದವರು ಅವರು. ಹೊಯ್ಸಳರ ಕಾಲದ ಶಿಲ್ಪ ಸಂಗೀತ ನೃತ್ಯಗಳ ನಡುವೆ ಬಾಳಿದ ರಾಣಿಯ ಕಥೆಯಾದ 'ಶಾಂತಲಾ' ಕಾದಂಬರಿಯನ್ನು ಬರೆದವರೂ ಅವರೇ. ಅವರು 1980ರಲ್ಲಿ ತೀರಿಕೊಂಡರು. ಕಲ್ಲನ್ನು ಕಡೆಯುವವನಿಗೂ ಮೈಯನ್ನು ಕಡೆಯುವವನಿಗೂ ಉಪಕರಣ ಬೇರೆಯಾದರೂ ಮೊಣಕೈ ಒಂದೇ.

ಈಗ ಆ ಮೊಣಕೈಯ ರಚನೆಯನ್ನು ಸ್ವಲ್ಪ ನೋಡೋಣ. ಇದಕ್ಕೆ ಚಿತ್ರಪಟ ಬೇಕಾಗಿಲ್ಲ; ಕುಳಿತಲ್ಲಿಯೇ ಪರೀಕ್ಷಿಸಬಹುದು. ನಿಮ್ಮ ಎಡ ಅಂಗೈಯನ್ನು ಬಲ ಮುಂಗೈಯ ಮೇಲೆ, ಮೊಣಕೈಗಿಂತ ಎರಡು ಮೂರು ಬೆರಳು ಕೆಳಗೆ, ಹೊರಮಗ್ಗುಲಿಗೆ ಇಟ್ಟುಕೊಳ್ಳಿ. ಈಗ ಬಲಗೈಯ ಮುಷ್ಟಿಯನ್ನು ಬಿಗಿಹಿಡಿಯಿರಿ. ಎಡ ಅಂಗೈಯ ಕೆಳಗೆ ಮಾಂಸಖಂಡವೊಂದು ಗಟ್ಟಿಯಾಗಿ ಎದ್ದದ್ದು ತಿಳಿಯುವುದಷ್ಟೆ. ಅಲ್ಲಿರುವ ಖಂಡಗಳ ಕೆಲಸ ಮಣಿಕಟ್ಟನ್ನು ಹಿಂದಕ್ಕೆ ಎತ್ತುವುದು. ಬೆರಳುಗಳನ್ನು ಮಡಿಸುವ ಖಂಡಗಳು ಮುಂಗೈಯ ಒಳಮಗ್ಗುಲಿನಲ್ಲಿವೆ. ಅವು ಮುಷ್ಟಿಯನ್ನು ಬಿಗಿಯುವಾಗ ಮಣಿಕಟ್ಟನ್ನೂ ಒಳಕ್ಕೆ ಬಗ್ಗಿಸಲು ಎಳೆಯುತ್ತವೆ. ಹಾಗೆ ಬಗ್ಗದಂತೆ ಹಿಡಿದು ನಿಲ್ಲಿಸುವುದು ಹೊರಮಗ್ಗುಲಿನ ಖಂಡಗಳ ಹೊಣೆ. ಆದುದರಿಂದ ಸುತ್ತಿಗೆಯನ್ನಾಗಲಿ ಡಂಬೆಲ್ಲನ್ನಾಗಲಿ ಲೇಖನಿಯನ್ನಾಗಲಿ ಹಿಡಿದಷ್ಟು ಹೊತ್ತೂ ಅವುಗಳಿಗೆ ಬಿಡುವಿಲ್ಲ. ಈ ಖಂಡಗಳು ಒಟ್ಟುಗೂಡಿ, ಮೊಣಕೈಯ ಹೊರಗಡೆ ಕೈಗೆ ಸಿಗುವ ಎಲುಬಿನ ಗುಬಟಿಗೆ ಬಿಳಿಯ ಹುರಿಯಂಥ ಒಂದು ಕಟ್ಟಿನಿಂದ ಅಂಟಿಕೊಂಡಿವೆ. ಆ ಕಟ್ಟಿಗೆ ಸ್ನಾಯುರಜ್ಜುವೆಂದು ಹೆಸರು. ಅನೇಕ ಖಂಡಗಳ ಎಳೆತವೆಲ್ಲ ಬೆರಳ ತುದಿಯಷ್ಟು ಜಾಗದಲ್ಲಿ ಬಂದು ಸೇರುವುದರಿಂದ ನೋವು ಹುಟ್ಟುವುದೂ ಅಲ್ಲಿಯೇ.

ಒಳಮಗ್ಗುಲಿನ ಎಲುಬಿನ ಗುಬಟಿಯಲ್ಲಿಯೂ ಇಂಥದೇ ರಜ್ಜುವೊಂದುಂಟು. ಹಗ್ಗ ಹಿಡಿದು ಏರುವವರಿಗೆ, ಸಲಾಕೆಗೆ ಜೋತುಬಿದ್ದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವವರಿಗೆ ಅಲ್ಲಿ ನೋವು ಬರುತ್ತದೆ. ಮೊಣಕೈಯ ಹಿಂಬದಿಯಲ್ಲಿ, ತೋಳನ್ನು ನೀಡುವ ಖಂಡದ ರಜ್ಜು ಇದೆ. ಅತಿಯಾಗಿ ದಂಡ ಹೊಡೆಯುವವರನ್ನು ಅದು ಕಾಡಬಹುದು. ಎಡೆ ಬೇರೆಯಾದರೂ ಮೂರರ ಸ್ವಭಾವವೂ ಬಹುಮಟ್ಟಿಗೆ ಒಂದೇ ಆದ್ದರಿಂದ, ಹೆಚ್ಚಾಗಿ ಕಾಣುವ ಹೊರಮಗ್ಗುಲಿನ ನೋವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಈ ನೋವಿಗೆ ಪ್ರಪಂಚದಲ್ಲೆಲ್ಲ 'ಟೆನಿಸ್ ಮೊಣಕೈ' ಎಂದು ಹೆಸರು ಬಿದ್ದಿದೆ. ಇದೊಂದು ವಿನೋದವೇ ಸರಿ. 1873ರಲ್ಲಿ ರುಂಗೆ ಎಂಬ ಜರ್ಮನ್ ವೈದ್ಯನು ಇದನ್ನು ಮೊದಲು ವರ್ಣಿಸಿದ್ದು ಬರೆಯುವವರ ಕೈಸೆಳೆತವನ್ನು ಕುರಿತ ಲೇಖನದಲ್ಲಿ. ಲಾನ್ ಟೆನಿಸ್ ಆಟದ ಹೆಸರು ಇಂಗ್ಲೆಂಡಿನ ವೈದ್ಯಪತ್ರಿಕೆಗಳಲ್ಲಿ ಇದಕ್ಕೆ ಅಂಟಿಕೊಂಡದ್ದು 1883ರ ವೇಳೆಗೆ. ಅಂದಿನಿಂದ ಇದು ಆಟಗಾರರ ಬೇನೆಯೆಂಬ ಭಾವನೆ ನಿಂತುಹೋಯಿತು. ವಾಸ್ತವವಾಗಿ ರೋಗಿಗಳಲ್ಲಿ ಬಹುಮಂದಿ ಟೆನಿಸ್ ಬ್ಯಾಟನ್ನು ಮುಟ್ಟಿದವರೇ ಅಲ್ಲ. ಬಡಗಿ, ಕಮ್ಮಾರ, ಗಾರೆಕೆಲಸದವನು, ಬಟ್ಟೆ ಒಗೆಯುವವಳು, ಗುಮಾಸ್ತ, ಇಂಥವರು. ಫಿನ್ಲೆಂಡ್ ದೇಶದಲ್ಲಿ 30ರಿಂದ 64 ವರ್ಷದವರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ 1.3 ಮಂದಿಗೆ ಈ ಬೇನೆ ಇದ್ದುದಾಗಿ ಕಂಡುಬಂತು. 45ರಿಂದ 54 ವರ್ಷದವರಲ್ಲಿ ಅದು ಎಲ್ಲಕ್ಕಿಂತ ಹೆಚ್ಚು. ಬಲಹಾಕಿ, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ಕೆಲಸದವರಿಗೂ ಧೂಮಪಾನಿಗಳಿಗೂ ಅದು ಹೆಚ್ಚಾಗಿ ತಗುಲುವುದೆಂದು ಅದೇ ವರದಿ ತಿಳಿಸುತ್ತದೆ. ನಮ್ಮ ಆಚಾರ್ಯರ ವಯಸ್ಸೂ ಉದ್ಯೋಗವೂ ಈ ಲೆಕ್ಕಕ್ಕೆ ಸರಿಯಾಗಿ ಒಪ್ಪುತ್ತವೆ. ಬೀಡಿಯ ಅಭ್ಯಾಸವಿದ್ದರೆ ಅದನ್ನು ಬಿಡುವುದಕ್ಕೆ ಮತ್ತೊಂದು ಕಾರಣವೂ ಸಿಕ್ಕಿದಂತಾಯಿತು.

ರಜ್ಜುವಿನೊಳಗೆ ಕೆಟ್ಟಿರುವುದಾದರೂ ಏನು? ಬಹುಕಾಲದವರೆಗೆ ಇದನ್ನು ಉರಿಯೂತವೆಂದೇ ತಿಳಿದಿದ್ದರು. ಉರಿಯೂತವಾದರೆ ವಿಶ್ರಾಂತಿ ಕೊಟ್ಟು ಉರಿ ಆರಿಸುವ ಔಷಧ ಕೊಡುವುದು ನ್ಯಾಯವೇ. ಆದರೆ 1979ರಲ್ಲಿ ನರ್ಶಲ್ ಮತ್ತು ಪೆಟ್ರೋನ್ ಎಂಬ ಅಮೆರಿಕದ ಇಬ್ಬರು ಶಸ್ತ್ರವೈದ್ಯರು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ರಜ್ಜುವಿನ ಭಾಗಗಳನ್ನು ಪರೀಕ್ಷಿಸಿ ವಿವರಿಸಿದ ಚಿತ್ರ ಬೇರೆಯದೇ ಆಗಿತ್ತು. ಅಲ್ಲಿ ಉರಿಯೂತದ ಕುರುಹು ಬಹುಮಟ್ಟಿಗೆ ಇರಲಿಲ್ಲ. ಒತ್ತಾಗಿ ಒಂದೇ ದಿಕ್ಕಿಗೆ ಹೆಣೆದಿರಬೇಕಾದ ಎಳೆಗಳು ಅಸ್ತವ್ಯಸ್ತವಾಗಿದ್ದವು. ನಡುವೆ ಸಣ್ಣ ಸಣ್ಣ ರಕ್ತನಾಳಗಳು ಬೇಡದೆಡೆ ಬೆಳೆದಿದ್ದವು. ಸೇದುವ ಬಾವಿಯ ಹಗ್ಗ ಒಂದೇ ಕಡೆ ಸವೆದು ಜುಂಗುಜುಂಗಾಗುವುದನ್ನು ನೀವು ಬಲ್ಲಿರಿ, ಹೆಚ್ಚುಕಡಮೆ ಹಾಗೆ. ಆದರೆ ಹಗ್ಗಕ್ಕೂ ರಜ್ಜುವಿಗೂ ಒಂದು ದೊಡ್ಡ ಭೇದವಿದೆ. ಹಗ್ಗ ನಿರ್ಜೀವ, ಅದು ಬಳಸಿದಷ್ಟೂ ಸವೆಯುವುದೇ ಹೊರತು ಬಲಿಯಲಾರದು. ರಜ್ಜು ಸಜೀವ, ಅದು ಸವೆದದ್ದನ್ನು ತಾನೇ ಮತ್ತೆ ಹೆಣೆದುಕೊಳ್ಳಬಲ್ಲುದು. ಹೆಣೆಯುವ ಜೀವಕೋಶಗಳಿಗೆ ಕೆಲಸದ ಅಪ್ಪಣೆ ದೊರೆಯುವುದು ಎಳೆತದಿಂದ. ಎಳೆತವೇ ಇಲ್ಲದಿದ್ದರೆ ಅವು ಸುಮ್ಮನೆ ಕುಳಿತುಬಿಡುತ್ತವೆ; ರಜ್ಜು ಇನ್ನೂ ದುರ್ಬಲವಾಗುತ್ತದೆ.

ಇಲ್ಲಿಯೇ ಇನ್ನೊಂದು ಅಂಶವನ್ನು ಗಮನಿಸಬೇಕು. ಬಲವಾದ ದುಡಿತವಾದ ಮೇಲೆ ರಜ್ಜುವಿನಲ್ಲಿ ಒಡೆಯುವ ಕೆಲಸವೂ ಕಟ್ಟುವ ಕೆಲಸವೂ ಒಟ್ಟಿಗೆ ಆರಂಭವಾಗುತ್ತವೆ. ಮೊದಲ 24ರಿಂದ 36 ಗಂಟೆಗಳವರೆಗೆ ಒಡೆತವೇ ಮುಂದು. ಅನಂತರ ಕಟ್ಟುವಿಕೆ ಅದನ್ನು ಮೀರುತ್ತದೆ. ಒಡೆತ ಮುಂದಾಗಿರುವಾಗಲೇ ದಿನದಿನವೂ ಪೂರ್ಣ ಭಾರವನ್ನು ಹೇರುತ್ತ ಹೋದರೆ ಕಟ್ಟುವಿಕೆಗೆ ಅವಕಾಶವೇ ಸಿಗದು. ಜಮೆಗಿಂತ ಖರ್ಚು ಹೆಚ್ಚಾದ ಸಂಸಾರದಂತೆ ಸಾಲ ಬೆಳೆಯುತ್ತದೆ. ಆದುದರಿಂದ ಪೂರ್ಣ ವಿಶ್ರಾಂತಿಯಿಂದ ರಜ್ಜು ಸೊರಗುತ್ತದೆ. ಲೆಕ್ಕವಿಲ್ಲದ ದುಡಿತದಿಂದ ಹರಕಾಗುತ್ತದೆ. ಅಳತೆಯ ಭಾರದಿಂದ ಮಾತ್ರ ಬಲಿಯುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ನಮ್ಮ ಗಾದೆ ಇಲ್ಲಿಗೂ ಒಪ್ಪುತ್ತದೆ. ಆದರೆ ಕಾಲನ್ನು ಮಡಿಸಿಕೊಂಡೇ ಇರೆಂದು ಗಾದೆ ಹೇಳಿಲ್ಲವೆಂಬುದನ್ನು ಮರೆಯಬಾರದು.

ಅಳತೆಯನ್ನು ತಿಳಿಯುವ ಬಗೆ ಹೇಗೆ? ಇದಕ್ಕೆ ಯಂತ್ರಗಳು ಬೇಡ. ನೋವಿಲ್ಲದಿದ್ದರೆ ಸೊನ್ನೆ, ಸಹಿಸಲಾಗದ ನೋವಾದರೆ 10 ಎಂದು ಮನಸ್ಸಿನಲ್ಲಿಯೇ ಒಂದು ಮೆಟ್ಟಿಲನ್ನು ಕಟ್ಟಿಕೊಳ್ಳಿ. ಕೆಲಸ ಮಾಡುವಾಗ ನೋವು 3 ಅಥವಾ 4ರೊಳಗೆ ಇದ್ದರೆ ಭಯಪಡಬೇಕಾಗಿಲ್ಲ. ರಜ್ಜುವಿನ ಬೇನೆಯಲ್ಲಿ ಇಷ್ಟು ನೋವೆಂದರೆ ಹೊಸದಾಗಿ ಹಾನಿಯಾಗುತ್ತಿದೆಯೆಂದು ಅರ್ಥವಲ್ಲ. ಅದಕ್ಕಿಂತ ಮುಖ್ಯವಾದ ಸಾಕ್ಷಿ ಮರುದಿನದ ಬೆಳಗ್ಗೆ ದೊರೆಯುತ್ತದೆ. ಎದ್ದಕೂಡಲೇ ನೀರು ತುಂಬಿದ ಅದೇ ಚೊಂಬನ್ನು ತೋಳು ನೀಡಿ, ಅಂಗೈ ಕೆಳಮುಖವಾಗಿರುವಂತೆ ಎತ್ತಿ ನೋಡಿ. ನೋವು ನಿನ್ನೆಯಷ್ಟೇ ಇದ್ದರೆ ಅಥವಾ ಕಡಮೆಯಾಗಿದ್ದರೆ ನಿನ್ನೆಯ ಭಾರ ಸರಿಯಾದ ಭಾರ. ಹೆಚ್ಚಿದ್ದರೆ ನಿನ್ನೆ ಮಿತಿ ಮೀರಿತೆಂದು ತಿಳಿದು ಇಂದು ಮೂರರಲ್ಲೊಂದು ಪಾಲನ್ನಾದರೂ ಇಳಿಸತಕ್ಕದ್ದು. ಗೋಡೆಯ ಪಂಚಾಂಗದ ಮೇಲೆ ದಿನಕ್ಕೊಂದು ಅಂಕಿಯನ್ನು ಬರೆದಿಟ್ಟರೆ, ತಿಂಗಳ ಕೊನೆಯಲ್ಲಿ ಏರುತ್ತಿದೆಯೋ ಇಳಿಯುತ್ತಿದೆಯೋ ತಾನಾಗಿ ಕಾಣುತ್ತದೆ. ನೆನಪು ಈ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ನೋವಿನ ದಿನ ನಿನ್ನೆಯ ಸುಖ ಮರೆತುಹೋಗುತ್ತದೆ.

ಈ ಅಳತೆಯನ್ನು ಹಿಡಿದುಕೊಂಡು ಆಚಾರ್ಯರ ಕಾರ್ಯಾಗಾರಕ್ಕೆ ಹೋಗೋಣ. ಅವರು ನಿಮಿಷಕ್ಕೆ 40 ಪೆಟ್ಟು ಹೊಡೆಯುವರೆಂದು ಇಟ್ಟುಕೊಂಡರೆ ಗಂಟೆಗೆ 2,400 ಆಯಿತು. ಐದು ಗಂಟೆಗೆ 12,000. ಇದರಲ್ಲಿ ಮೂರರಲ್ಲೊಂದು ಪಾಲನ್ನು ಇಳಿಸಿದರೂ 8,000 ಪೆಟ್ಟು ಉಳಿಯುತ್ತದೆ. ಕೆಲಸ ನಿಲ್ಲಲಿಲ್ಲ, ಭಾರ ಮಾತ್ರ ಇಳಿಯಿತು. ಇಳಿಸುವುದಕ್ಕೆ ದಾರಿಗಳೂ ಹಲವಿವೆ. ಮೊಂಡಾದ ಉಳಿ ಹರಿತವಾದ ಉಳಿಗಿಂತ ಹೆಚ್ಚು ಪೆಟ್ಟು ಕೇಳುತ್ತದೆ. ಆದುದರಿಂದ ಉಳಿಯನ್ನು ಮತ್ತೆ ಮತ್ತೆ ಸಾಣೆಗೆ ಕೊಡುವುದು ಮೊಣಕೈಗೆ ಮಾಡುವ ಮೊದಲ ಉಪಕಾರ. ಸುತ್ತಿಗೆಯ ಹಿಡಿ ತೀರ ಸಣ್ಣದಾಗಿದ್ದರೆ ಬಟ್ಟೆ ಸುತ್ತಿ ದಪ್ಪಮಾಡಿಕೊಳ್ಳಬಹುದು. ಸಣ್ಣ ಹಿಡಿಯನ್ನು ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಹದವಾಗಿ ದಪ್ಪವಿರುವ ಹಿಡಿ ಸಡಿಲವಾದ ಮುಷ್ಟಿಯಲ್ಲಿಯೂ ನಿಲ್ಲುತ್ತದೆ. ಕಲ್ಲನ್ನು ಮೊಣಕೈ ಮೈಗೆ ಸಮೀಪವಾಗಿ, ಮಡಿಸಿಕೊಂಡಿರುವಂಥ ಎತ್ತರದಲ್ಲಿ ಇಟ್ಟುಕೊಳ್ಳಬೇಕು. ತೋಳನ್ನು ನೀಡಿ ದೂರಕ್ಕೆ ಹೊಡೆಯುವುದು ರಜ್ಜುವಿಗೆ ಅತಿ ಕಷ್ಟದ ಭಂಗಿ. ಅರ್ಧ ಗಂಟೆಗೊಮ್ಮೆ ಕೆಲಸದ ಬಗೆಯನ್ನು ಬದಲಾಯಿಸಿ, ಒಮ್ಮೆ ಉಳಿ, ಒಮ್ಮೆ ಉಜ್ಜಿ ನುಣುಪುಮಾಡುವ ಕೆಲಸ, ಒಮ್ಮೆ ಗೆರೆ ಎಳೆಯುವ ಕೆಲಸ ಎಂದು ಹಂಚಿಕೊಳ್ಳಬಹುದು. ಕಲ್ಲನ್ನು ಒಡ್ಡಾಗಿ ತೆಗೆಯುವುದಕ್ಕೆ ಈಚೆಗೆ ವಿದ್ಯುತ್ತಿನ ಕಟರುಗಳು ಬಂದಿವೆ. ಅವು ಪೆಟ್ಟನ್ನು ಉಳಿಸುತ್ತವೆ, ನಿಜ. ಆದರೆ ಅವುಗಳ ನಡುಕವೂ ಬಿಗಿಮುಷ್ಟಿಯನ್ನೇ ಬೇಡುವುದರಿಂದ ಅವನ್ನೂ ಹೊತ್ತುಗೊತ್ತಿಲ್ಲದೆ ಹಿಡಿಯಬಾರದು.

ಭಾರವನ್ನು ಇಳಿಸುವುದು ಅರ್ಧ ಕೆಲಸ. ರಜ್ಜುವನ್ನು ಮತ್ತೆ ಬಲಿಸುವುದು ಉಳಿದರ್ಧ. ಅದಕ್ಕೆ ಮೂರು ಹಂತದ ಸಾಧನೆಯನ್ನು ಹೇಳುತ್ತೇನೆ.

ಮೊದಲನೆಯದು ಅಲುಗಾಡದೆ ಹಿಡಿದುಕೊಳ್ಳುವುದು. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈಯನ್ನು ಕೆಳಮುಖಮಾಡಿ, ಕೈ ಮಾತ್ರ ಮೇಜಿನ ಅಂಚಿನಿಂದಾಚೆ ಇರುವಂತೆ ನೀಡಿ. ಒಂದು ಕಿಲೋಗ್ರಾಂ ತೂಕವನ್ನು ಹಿಡಿದು, ಮಣಿಕಟ್ಟು ನೇರವಾಗಿರುವಂತೆ 30ರಿಂದ 45 ಸೆಕೆಂಡು ನಿಲ್ಲಿಸಿ. ಒಂದು ಲೀಟರು ನೀರು ತುಂಬಿದ ಶೀಷೆಯ ತೂಕ ಹೆಚ್ಚುಕಡಮೆ ಇಷ್ಟೇ ಆಗುವುದರಿಂದ ಬೇರೆ ಸಾಮಗ್ರಿ ಬೇಕಾಗಿಲ್ಲ. ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟು ನಾಲ್ಕೈದು ಸಲ ಮಾಡುವುದು. ನೋವು ತೀವ್ರವಾಗಿರುವ ದಿನಗಳಲ್ಲಿಯೂ ಇದನ್ನು ಸಾಮಾನ್ಯವಾಗಿ ಮಾಡಬಹುದು.

ಎರಡನೆಯದು ನಿಧಾನವಾದ ಏರಿಳಿತ. ಅದೇ ಭಂಗಿಯಲ್ಲಿ ಮಣಿಕಟ್ಟನ್ನು ಮೂರು ಎಣಿಸುವಷ್ಟು ಹೊತ್ತು ಎತ್ತಿ, ನಾಲ್ಕು ಎಣಿಸುವಷ್ಟು ಹೊತ್ತು ಇಳಿಸುವುದು. ಒಂದು ಸರದಿಗೆ 15 ಸಲದಂತೆ ಮೂರು ಸರದಿ. ಒಂದು ದಿನ ಬಿಟ್ಟು ಒಂದು ದಿನ. ದಿನ ಬಿಡುವ ಕಾರಣವನ್ನು ಮೇಲೆಯೇ ಹೇಳಿದ್ದೇನೆ. ಸುಲಭವಾದಂತೆ ತೂಕವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ, ಸಲಗಳನ್ನು 8 ಅಥವಾ 10ಕ್ಕೆ ಇಳಿಸುತ್ತ ಬರಬೇಕು. ಅವಸರದ ಚಲನೆಯಿಂದ ಪ್ರಯೋಜನವಿಲ್ಲ; ಈ ಸಾಧನೆಯ ಸತ್ತ್ವವೆಲ್ಲ ನಿಧಾನದಲ್ಲಿದೆ.

ಮೂರನೆಯದಕ್ಕೆ ಉಪಕರಣ ಆಚಾರ್ಯರ ಕೈಯಲ್ಲಿಯೇ ಇದೆ. ಸುತ್ತಿಗೆಯನ್ನು ಹಿಡಿಯ ತುದಿಯಲ್ಲಿ ಹಿಡಿದು, ಮೊಣಕೈಯನ್ನು ಮಡಿಸಿ ಮಗ್ಗುಲಿಗೆ ಆನಿಸಿ, ತಲೆ ಮೇಲಿರುವಂತೆ ನೆಟ್ಟಗೆ ನಿಲ್ಲಿಸಿಕೊಳ್ಳುವುದು. ಅಲ್ಲಿಂದ ನಿಧಾನವಾಗಿ ಅಂಗೈ ಕೆಳಮುಖವಾಗುವವರೆಗೆ ತಿರುಗಿಸಿ, ಮರಳಿ ನೆಟ್ಟಗೆ ತಂದು, ಬಳಿಕ ಅಂಗೈ ಮೇಲ್ಮುಖವಾಗುವವರೆಗೆ ತಿರುಗಿಸುವುದು. ಭಾರವೆನಿಸಿದರೆ ಹಿಡಿಯ ನಡುವಿಗೆ ಕೈ ತಂದರೆ ಸುತ್ತಿಗೆ ಹಗುರವಾಗುತ್ತದೆ. ಹಗುರವೆನಿಸಿದರೆ ತುದಿಗೆ ಸರಿಯಬಹುದು. ನೋವು ಕೊಟ್ಟ ಸುತ್ತಿಗೆಯೇ ಅಳತೆಯಿಂದ ಬಳಸಿದಾಗ ಚಿಕಿತ್ಸೆಯ ಸಾಧನವಾಗುತ್ತದೆ. ಇದರೊಂದಿಗೆ ಹೆಗಲು ಮತ್ತು ಬೆನ್ನಿನ ಖಂಡಗಳನ್ನೂ ಬಲಪಡಿಸತಕ್ಕದ್ದು. ಹೆಗಲು ದಣಿದಾಗ ಅದರ ಪಾಲಿನ ಕೆಲಸವೂ ಮೊಣಕೈಯ ಮೇಲೆ ಬೀಳುತ್ತದೆ. ಈ ಸಾಧನೆಗೆ ಕನಿಷ್ಠ 12 ವಾರಗಳ ತಾಳ್ಮೆ ಬೇಕು; ಪೂರ್ಣವಾಗಿ ಮರೆಯುವಷ್ಟು ಗುಣವಾಗುವುದಕ್ಕೆ ಒಂದು ವರ್ಷವೂ ಹಿಡಿಯಬಹುದು.

ಇನ್ನು ವ್ಯಾಯಾಮಶಾಲೆಯ ಯುವಕನ ವಿಷಯ. ಆತನು ಸಾಧನೆಯನ್ನು ಬಿಡಬೇಕಾದ ಕಾರಣವೇ ಇಲ್ಲ. ಕಾಲು, ಸೊಂಟ, ಹೊಟ್ಟೆಗಳ ಸಾಧನೆ ಎಂದಿನಂತೆ ನಡೆಯಲಿ. ಬಸ್ಕಿಗೆ ಮೊಣಕೈಯ ಅಪ್ಪಣೆ ಬೇಕಾಗಿಲ್ಲ. ತೋಳಿನ ಸಾಧನೆಯಲ್ಲಿ ಮಾತ್ರ ಹಿಡಿತವನ್ನು ಬದಲಾಯಿಸಿಕೊಳ್ಳಬೇಕು. ಹೊರಮಗ್ಗುಲು ನೋಯುವವನು ಅಂಗೈ ಕೆಳಮುಖವಾಗಿ, ತೋಳು ನೀಡಿ ಎತ್ತುವ ಸಾಧನೆಗಳನ್ನು ಕೆಲವು ವಾರ ಕಡಮೆಮಾಡಿ, ಹೆಬ್ಬೆರಳು ಮೇಲಿರುವಂತೆ, ಸುತ್ತಿಗೆಯನ್ನು ಹಿಡಿದ ರೀತಿಯಲ್ಲಿ ಡಂಬೆಲ್ಲನ್ನು ಹಿಡಿಯಲಿ. ಎಳೆಯುವ ಸಾಧನೆಗಳಲ್ಲಿ ಮಣಿಕಟ್ಟಿಗೆ ಕಟ್ಟುವ ಪಟ್ಟಿಯನ್ನು ಬಳಸಿದರೆ ಮುಷ್ಟಿಯ ಬಿಗಿ ಕಡಮೆಯಾಗುತ್ತದೆ. ತೂಕವನ್ನು ಇಳಿಸಿ, ವೇಗವನ್ನೂ ಇಳಿಸಲಿ. ದಂಡ, ಸೂರ್ಯನಮಸ್ಕಾರಗಳಲ್ಲಿ ನೋವು ಮಿತಿ ಮೀರಿದರೆ ಕೈಗಳನ್ನು ನೆಲದ ಬದಲು ಎತ್ತರದ ಮಣೆಯ ಮೇಲೆ ಇಟ್ಟುಕೊಳ್ಳಲಿ. ಗುಂಡುಕಲ್ಲನ್ನು ಎತ್ತುವುದು, ಗದೆ ತಿರುಗಿಸುವುದು ಇವಕ್ಕೆ ಕೊನೆಯಲ್ಲಿ, ಬೆಳಗಿನ ಚೊಂಬಿನ ಪರೀಕ್ಷೆಯಲ್ಲಿ ಹಲವು ವಾರ ತೇರ್ಗಡೆಯಾದ ಮೇಲೆ, ಹಿಂದಿರುಗಬಹುದು. ಯುವಕರಲ್ಲಿ ನೋವು ಸಾಮಾನ್ಯವಾಗಿ ಹುಟ್ಟುವುದು ಭಾರದಿಂದಲ್ಲ, ಭಾರವನ್ನು ಥಟ್ಟನೆ ಏರಿಸಿದ್ದರಿಂದ. ಖಂಡಗಳು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತವೆ. ರಜ್ಜುವಿಗೆ ತಿಂಗಳುಗಳೇ ಬೇಕು. ವೇಗವಾಗಿ ಬೆಳೆದ ಖಂಡವು ನಿಧಾನವಾಗಿ ಬೆಳೆಯುವ ರಜ್ಜುವನ್ನು ಎಳೆದಾಗ ಈ ಬೇನೆ ತಲೆಯೆತ್ತುತ್ತದೆ.

ಈಗ ಆಚಾರ್ಯರ ಮುಂದಿರುವ ದೊಡ್ಡ ಪ್ರಲೋಭನವನ್ನು ಕುರಿತು ಹೇಳಬೇಕು. ಮೊಣಕೈಗೆ ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚಿಸಿದರೆ ನೋವು ಬೇಗನೆ ಇಳಿಯುತ್ತದೆಂಬುದು ಅನೇಕರಿಗೆ ತಿಳಿದ ವಿಷಯ. ಆದರೆ ಅದರ ಪೂರ್ಣ ಲೆಕ್ಕವನ್ನು ಕೇಳಿ. ನೆದರ್ಲೆಂಡ್ಸ್ ದೇಶದಲ್ಲಿ 185 ರೋಗಿಗಳನ್ನು ಮೂರು ಪಂಗಡ ಮಾಡಿ, ಒಂದಕ್ಕೆ ಇಂಜೆಕ್ಷನ್ನು, ಒಂದಕ್ಕೆ ವ್ಯಾಯಾಮವೇ ಮೊದಲಾದ ಫಿಸಿಯೋಥೆರಪಿ, ಮತ್ತೊಂದಕ್ಕೆ ಸಲಹೆ ಮಾತ್ರ ಕೊಟ್ಟು ಕಾದುನೋಡಿದರು. ಫಲವು 2002ರಲ್ಲಿ ಪ್ರಕಟವಾಯಿತು. ಆರು ವಾರಗಳಾದಾಗ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 92, ಫಿಸಿಯೋಥೆರಪಿಯವರಲ್ಲಿ 47, ಕಾದುನೋಡಿದವರಲ್ಲಿ 32 ಮಂದಿಗೆ ಗುಣ ಕಂಡಿತ್ತು. 52 ವಾರಗಳಾದಾಗ ಲೆಕ್ಕ ತಿರುಗಿಹೋಗಿತ್ತು: ಇಂಜೆಕ್ಷನ್ನಿನವರು 69, ಫಿಸಿಯೋಥೆರಪಿಯವರು 91, ಕಾದುನೋಡಿದವರು 83. ಮುಂದೆ ಆಸ್ಟ್ರೇಲಿಯದಲ್ಲಿ ನಡೆದು 2006ರಲ್ಲಿಯೂ 2013ರಲ್ಲಿಯೂ ಪ್ರಕಟವಾದ ಪರೀಕ್ಷೆಗಳೂ ಇದೇ ದಿಕ್ಕಿಗೆ ಬೆರಳು ತೋರಿಸಿದವು.

ಈ ಅಂಕಿಗಳಲ್ಲಿ ಎರಡು ಪಾಠಗಳಿವೆ. ಇಂಜೆಕ್ಷನ್ನು ಆರು ವಾರದ ಸುಖವನ್ನು ಕೊಟ್ಟು ವರ್ಷದ ಕೊನೆಗೆ ಬಡ್ಡಿ ಸಮೇತ ವಸೂಲು ಮಾಡುವ ಸಾಲದಂಥದು. ಪ್ರತಿಷ್ಠೆಯ ಮುಹೂರ್ತ ಆರು ವಾರಕ್ಕಿರುವ ಶಿಲ್ಪಿಗೆ ಆ ಸಾಲ ಎಷ್ಟು ಆಕರ್ಷಕವೆಂಬುದು ನನಗೆ ತಿಳಿಯದೆ ಇಲ್ಲ. ಆದರೆ ಅವರಿಗೆ ಆ ವಿಗ್ರಹವಾದ ಮೇಲೆ ಇನ್ನೊಂದು ವಿಗ್ರಹವಿದೆ. ಇನ್ನೂ ಇಪ್ಪತ್ತು ವರ್ಷದ ದುಡಿಮೆಯಿದೆ. ಎರಡನೆಯ ಪಾಠ ಸಮಾಧಾನದ್ದು. ಏನೂ ವಿಶೇಷ ಚಿಕಿತ್ಸೆ ಇಲ್ಲದೆಯೂ ನೂರಕ್ಕೆ 83 ಮಂದಿ ಒಂದು ವರ್ಷದಲ್ಲಿ ಗುಣವಾದರಲ್ಲವೆ? ಈ ಬೇನೆಯ ಸಹಜಗತಿ ಗುಣದ ಕಡೆಗೇ ಇದೆ. ವರ್ಷದ ಕೊನೆಯಲ್ಲಿ ವ್ಯಾಯಾಮಕ್ಕೂ ಕಾದುನೋಡುವುದಕ್ಕೂ ಇರುವ ಅಂತರ ಬಹಳವಲ್ಲವೆಂದು ಒಪ್ಪಿಕೊಳ್ಳಬೇಕು. ಆದರೂ ಮರಳಿ ಅದೇ ಭಾರವನ್ನು ಹೊರಬೇಕಾದವನಿಗೆ, ಹೊರುವ ಶಕ್ತಿಯನ್ನು ಸಿದ್ಧಪಡಿಸಿಕೊಳ್ಳುವುದು ವಿವೇಕ.

ಇತರ ಉಪಚಾರಗಳನ್ನು ಕುರಿತು ಎರಡು ಮಾತು. ಮೊಣಕೈಯ ಕೆಳಗೆ ಎರಡು ಬೆರಳಿನಷ್ಟು ದೂರದಲ್ಲಿ ಕಟ್ಟುವ ಪಟ್ಟಿಯಿಂದ ಕೆಲವರಿಗೆ ಕೆಲಸದ ಹೊತ್ತಿನಲ್ಲಿ ಹಾಯೆನಿಸುತ್ತದೆ. ಅದು ಊರುಗೋಲೇ ಹೊರತು ಔಷಧವಲ್ಲ. ಬೆಚ್ಚಗಿನ ಎಣ್ಣೆ, ಬಿಸಿನೀರಿನ ಶಾಖ ಹಿತವಾದರೆ ಮಾಡಬಹುದು. ಆದರೆ ನೋಯುವ ಗುಬಟಿಯನ್ನು ಬಲವಾಗಿ ಒತ್ತಿ ತಿಕ್ಕಿಸಿಕೊಳ್ಳುವುದರಿಂದ ಕೆಣಕಿದಂತಾದೀತು. ಸಕ್ಕರೆ ಕಾಯಿಲೆಯುಳ್ಳವರಲ್ಲಿ ರಜ್ಜುಗಳ ಬೇನೆ ಹೆಚ್ಚು. ಅದನ್ನು ಹತೋಟಿಯಲ್ಲಿಟ್ಟುಕೊಳ್ಳುವುದೂ ಚಿಕಿತ್ಸೆಯ ಭಾಗವೇ.

ಎಲ್ಲ ಮೊಣಕೈ ನೋವೂ ರಜ್ಜುವಿನದಲ್ಲವೆಂಬ ಎಚ್ಚರಿಕೆಯನ್ನೂ ಹೇಳಬೇಕು. ಉಂಗುರದ ಬೆರಳು, ಕಿರುಬೆರಳುಗಳಲ್ಲಿ ಜೋಮು ಹಿಡಿಯುತ್ತಿದ್ದರೆ ನರಕ್ಕೆ ಸಂಬಂಧಿಸಿದ್ದಾಗಿರಬಹುದು. ಕತ್ತನ್ನು ತಿರುಗಿಸಿದಾಗ ನೋವು ತೋಳಿನುದ್ದಕ್ಕೂ ಹರಿದರೆ ಮೂಲ ಕತ್ತಿನಲ್ಲಿರಬಹುದು. ಬಿದ್ದು ಪೆಟ್ಟಾಗಿದ್ದರೆ, ಕೀಲು ಊದಿ ಕೆಂಪಾಗಿ ಜ್ವರ ಬಂದಿದ್ದರೆ, ಥಟ್ಟನೆ ಏನೋ ಕಿತ್ತುಹೋದಂತಾಗಿ ಕೈಯ ಬಲ ಉಡುಗಿದ್ದರೆ, ಮೊಣಕೈಯನ್ನು ಪೂರ್ಣವಾಗಿ ನೀಡಲಾಗದಿದ್ದರೆ, ಚೊಂಬಿನ ಪರೀಕ್ಷೆಯನ್ನು ಬದಿಗಿಟ್ಟು ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಮೂರು ತಿಂಗಳ ಕ್ರಮಬದ್ಧವಾದ ಸಾಧನೆಯಿಂದಲೂ ಬೆಳಗಿನ ಅಂಕಿ ಇಳಿಯದಿದ್ದರೂ ಹಾಗೆಯೇ.

ಕೊನೆಯದಾಗಿ, ಆರು ವಾರದ ಗಡುವಿನ ಮುಂದೆ ನಿಂತಿರುವ ನಮ್ಮ ಆಚಾರ್ಯರು ಏನು ಮಾಡಬೇಕು? ವಿವೇಕಿಗಳಾದರೆ ಅವರು ಕೆಲಸವನ್ನು ಹೀಗೆ ಹಂಚಿಕೊಂಡಾರು: ಒಡ್ಡು ತೆಗೆಯುವ ಭಾರದ ಪೆಟ್ಟನ್ನು ಮಗನಿಗೆ ವಹಿಸಿ, ತಾವು ಪಕ್ಕದಲ್ಲಿ ಕುಳಿತು ಗೆರೆ ತೋರಿಸುವರು. ಬೆಳಗ್ಗೆ ಎರಡು ಗಂಟೆ, ಸಂಜೆ ಒಂದೂವರೆ ಗಂಟೆ ಹಗುರವಾದ ಸುತ್ತಿಗೆಯಿಂದ ಬೆರಳು, ಆಭರಣ, ಮುಖಗಳ ಕೆಲಸವನ್ನು ತಾವೇ ಮಾಡುವರು. ದಿನ ಬಿಟ್ಟು ದಿನ ಸಂಜೆ ಅದೇ ಸುತ್ತಿಗೆಯನ್ನು ಹಿಡಿದು ಸಾಧನೆ ಮಾಡುವರು. ಗಡುವು ಸಾಲದೆಂದು ಮೊದಲ ವಾರದಲ್ಲಿಯೇ ಕಂಡರೆ ದೇವಸ್ಥಾನದವರಿಗೆ ಆಗಲೇ ತಿಳಿಸುವರು. ನೇತ್ರೋನ್ಮೀಲನದ ದಿನ ವಿಗ್ರಹದ ಕಣ್ಣನ್ನು ತೆರೆಯುವ ಉಳಿ ಅನುಭವದ ಕೈಯಲ್ಲಿಯೇ ಇರಬೇಕಷ್ಟೆ. ಆ ದಿನಕ್ಕೂ ಅದರಾಚೆಯ ದಿನಗಳಿಗೂ ಆ ಕೈಯನ್ನು ಕಾಪಾಡಿಕೊಳ್ಳುವುದು ಸೋಮಾರಿತನವಲ್ಲ, ವೃತ್ತಿಧರ್ಮ.

ತಾಳಿದವನು ಬಾಳಿಯಾನೆಂದು ನಮ್ಮ ಹಿರಿಯರು ಹೇಳಿದರು. ತಾಳುವುದೆಂದರೆ ನೋವನ್ನು ಹಲ್ಲುಕಚ್ಚಿ ನುಂಗುವುದೆಂದು ಕೆಲವರು ತಿಳಿದಿದ್ದಾರೆ. ಮೊಣಕೈಯ ಮಟ್ಟಿಗಾದರೂ ಅದರ ಅರ್ಥ ಬೇರೆ: ಅಳೆದು ದುಡಿಯುವುದು, ಕಾದು ಏರಿಸುವುದು, ಬೆಳಗಿನ ಸಾಕ್ಷಿಯನ್ನು ಮನ್ನಿಸುವುದು.